ಉಡಿಗೆ ಬಂದ ಖಣ

ಮೂರನೆಯ ಮುಳ್ಳೂರು, ಮೂಡಣ ಓಣಿ
ಹೊಳೆ ತಿರುಗಿದ ನೂರಾ ಹನ್ನೊಂದನೆಯ ವರ್ಷ, ಬೇಗೆಮಾಸದ ನಲವತ್ತನೆಯ ದಿನ

ನಮ್ಮ ಅಜ್ಜಿಯರ ಅಜ್ಜಿಯರಿಗೆ, ಅವರಿಗೂ ಹಿಂದಿನ ಅವ್ವಂದಿರಿಗೆ, ಮುಳ್ಳೂರಿನ ನಿಂಬೆವ್ವ ಮಾಡುವ ಶರಣಾರ್ಥಿಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಒಲೆಗೆ ಹಾಕಬೇಡಿ. ಬೇಗೆಮಾಸ ನಿಮ್ಮ ಪಂಚಾಂಗದಲ್ಲಿ ಇಲ್ಲ. ಅದು ಅಧಿಕಮಾಸವೂ ಅಲ್ಲ. ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವೆ ಬಿಸಿಲು ಹಿಗ್ಗುತ್ತ ಹೋಗಿ, ಕೊನೆಗೆ ಆ ಬಿಸಿಲಿಗೇ ಒಂದು ತಿಂಗಳು ಬಿಟ್ಟುಕೊಡಬೇಕಾಯಿತು. ಅದಕ್ಕೆ ಇಷ್ಟೇ ದಿನವೆಂಬ ಕಟ್ಟಿಲ್ಲ. ಮೊದಲ ಮೋಡ ಕಂಡ ದಿನ ಮುಗಿಯುತ್ತದೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನೀವು ಹಳಗನ್ನಡ ಕಲಿತ ಹಾಗೆ ನಾನು ನಿಮ್ಮ ಕನ್ನಡವನ್ನು ಶಾಲೆಯಲ್ಲಿ ಕಲಿತವಳು, ಪಾಸಾಗಿದ್ದೇ ದೊಡ್ಡದು. ಎಲ್ಲಾದರೂ ತಪ್ಪಿದರೆ ಮುದುಕಿಯೊಬ್ಬಳು ತೊದಲಿದಳೆಂದು ತಿಳಿದು ಮುಂದೆ ಓದಿ.

ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದೇ ಒಂದು ಹಿಂದೋಲೆ ಬರೆಯುವ ಹಕ್ಕಿದೆ. ಅದು ಯಾರ ಕೈಗೆ ಸಿಗುತ್ತದೋ, ಸಿಗುತ್ತದೋ ಇಲ್ಲವೋ, ಇಂದಿನವರೆಗೆ ಯಾರಿಗೂ ಗೊತ್ತಿಲ್ಲ, ಉತ್ತರವಂತೂ ಬಂದಿಲ್ಲ. ನಮ್ಮೂರವರು ಹೆಚ್ಚಾಗಿ 'ಹೊಳೆದಂಡೆಯ ಹೊಲ ತಗೋಬೇಡಿ, ನೀರು ಬರುತ್ತದೆ' ಎಂದು ಬರೆಯುತ್ತಾರೆ. ಇನ್ನು ಕೆಲವರು ತಮ್ಮ ಮಕ್ಕಳ ಹೆಚ್ಚುಗಾರಿಕೆ ಬರೆದು ಹಾಳೆ ತುಂಬಿಸುತ್ತಾರೆ. ನಾನೂ ನನ್ನ ದೊಡ್ಡಸ್ತಿಕೆ ಬರೆಯಲೆಂದೇ ಇದನ್ನು ಇಷ್ಟು ದಿನ ಕಾಯ್ದಿಟ್ಟುಕೊಂಡಿದ್ದೆ. ಈಗ ಬರೆಯುತ್ತಿರುವುದು ನಾಚಿಕೆಯನ್ನು.

ನಾವು ಹೇಗೆ ಬದುಕುತ್ತೇವೆಂದು ಮೊದಲು ಹೇಳುತ್ತೇನೆ. ಮಲಪ್ರಭೆ ದಾರಿ ಬದಲಿಸಿದಾಗೆಲ್ಲ ನಮ್ಮೂರು ಎದ್ದು ಬೇರೆ ಕಡೆ ಕೂತಿದೆ, ಅದಕ್ಕೇ ಇದು ಮೂರನೆಯ ಮುಳ್ಳೂರು. ಮನೆಗಳು ಅರ್ಧ ನೆಲದೊಳಗೆ, ಅರ್ಧ ಮೇಲೆ. ಮಾಳಿಗೆಯ ಮೇಲೆ ನವಣೆ ಬೆಳೆಯುತ್ತೇವೆ, ಜೋಳವನ್ನು ಮಾತ್ರ ಚಪ್ಪರದ ಕೆಳಗೆ ಮಗುವಿನಂತೆ ಸಾಕಬೇಕು. ಹಗಲು ಓಣಿಯಲ್ಲಿ ನೆರಳುಬಂಡಿ ತಿರುಗುತ್ತದೆ. ಅಗಲವಾದ ಕೊಡೆ ಹೊತ್ತ ಬಂಡಿ ಅದು. ಅದರ ಕೆಳಗೆ ನಡೆದುಕೊಂಡೇ ಹೆಂಗಸರು ನೀರಿಗೂ ಹೋಗುತ್ತಾರೆ, ಅತ್ತೆಯನ್ನೂ ಬೈಯುತ್ತಾರೆ. ಬಂಡಿ ತಿರುವಿನಲ್ಲಿ ನಿಂತರೆ ಬೈಗುಳ ಅರ್ಧಕ್ಕೇ ನಿಲ್ಲುವುದೂ ಉಂಟು, ಯಾಕೆಂದರೆ ಅತ್ತೆ ಅಲ್ಲಿಯೇ ಬಂದು ಸೇರುತ್ತಾಳೆ. ಊರು ಎರಡು ಸಲ ಎದ್ದಾಗ ಸಾಮಾನು ಎಷ್ಟೋ ಬಿಟ್ಟು ಬಂದೆವು. ಊರ ದೇವಿ, ರೊಟ್ಟಿ ಬಡಿಯುವ ಕೊಣಮಿಗೆ, ಉಡಿ ತುಂಬುವ ಪದ್ಧತಿ, ಇವನ್ನು ಮಾತ್ರ ಬಿಡಲಿಲ್ಲ. ಮದುವೆಯಿರಲಿ, ತೊಟ್ಟಿಲಿರಲಿ, ಊರಿಗೆ ಹೋಗುವವರಿರಲಿ, ಹೆಣ್ಣುಮಗಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಬಾಳೆಹಣ್ಣು, ಮೇಲೊಂದು ಕುಬಸದ ಖಣ ಹಾಕಿ ಕಳಿಸುತ್ತೇವೆ. ಇದು ನಿಮ್ಮಿಂದಲೇ ಬಂದದ್ದು.

ನಾನು ಈ ಓಣಿಯ ಓಣಿಯವ್ವ. ನಿಮ್ಮ ಕಾಲದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಎನ್ನುತ್ತಿದ್ದಿರಲ್ಲ, ಅದು ಒಡೆದು ಸಣ್ಣದಾಗಿ ಓಣಿಗೊಂದು ಮನೆಯಾಗಿದೆ. ಅದನ್ನು ನೋಡಿಕೊಳ್ಳುವವಳು ಓಣಿಯವ್ವ. ಕೂಸಿನ ಜ್ವರ, ಮುದುಕರ ಸಕ್ಕರೆ ಕಾಯಿಲೆ, ಬಸುರಿಯ ರಕ್ತ, ಎಲ್ಲಕ್ಕೂ ಮೊದಲ ಕೈ ನನ್ನದು. ನನ್ನ ಬಾಯಿ ದೊಡ್ಡದು, ಊರೆಲ್ಲ ಬಲ್ಲದು. ಮಾತಾಡಿ ಮಾತಾಡಿಯೇ ಜನರಿಗೆ ಮದ್ದು ನುಂಗಿಸಿದವಳು ನಾನು. ಆದರೆ ಎದೆಯ ಗಂಟಿನ ಮಾತು ಬಂದರೆ ನನ್ನ ಬಾಯಿಗೂ ಬೀಗ ಬೀಳುತ್ತಿತ್ತು. ಆ ಜಾಗದ ಹೆಸರನ್ನು ನಮ್ಮ ಹೆಂಗಸರು ಹೇಳುವುದಿಲ್ಲ. 'ಮ್ಯಾಲಿಂದು' ಎನ್ನುತ್ತಾರೆ, ಇಲ್ಲವೇ ಕೈಸನ್ನೆ ಮಾಡಿ ಕಿಟಕಿ ನೋಡುತ್ತಾರೆ. ನೀವು ನಗಬೇಡಿ, ನೀವೂ ಹಾಗೇ ಮಾಡುತ್ತಿದ್ದಿರಿ ಎಂದು ಓದಿದ್ದೇನೆ.

ಈ ರೋಗವನ್ನು ನಾವು ಗೆದ್ದಿರಬೇಕೆಂದು ನಿಮಗೆ ಅನ್ನಿಸಬಹುದು. ಅರ್ಧ ಗೆದ್ದಿದ್ದೇವೆ. ಗಂಟು ಸಣ್ಣದಿರುವಾಗ ಸಿಕ್ಕರೆ ಓಣಿಮನೆಯಲ್ಲಿಯೇ ಚುಚ್ಚುಮದ್ದು ಕೊಟ್ಟು ಕಳಿಸುತ್ತೇವೆ. ನಾಲ್ಕು ದಿನ ತವರಿಗೆ ಹೋಗಿ ಬಂದ ಹಾಗೆ ಮೈ ಹಗುರಾಗುತ್ತದೆ. ಆದರೆ ಸಿಗಬೇಕಲ್ಲ! ಅದಕ್ಕಾಗಿ ನಮ್ಮ ನೇಕಾರರು ಒಂದು ಬಟ್ಟೆ ನೇಯುತ್ತಾರೆ, ಅರಿವಿನ ಖಣವೆಂದು ಅದರ ಹೆಸರು. ನೋಡಲು ಕೆಂಪು ಅಂಚಿನ ಸಾದಾ ಕುಬಸದ ಖಣ. ಅದರ ಎಳೆಗಳು ಮೈಯನ್ನು ತಡವಿ ನೆನಪಿಟ್ಟುಕೊಳ್ಳುತ್ತವೆ. ಮೂರು ದಿನ ಮೈಗೆ ತಾಗಿದರೆ ಸಾಕು, ಆಮೇಲೆ ಒಗೆದರೂ ನೆನಪು ಹೋಗುವುದಿಲ್ಲ. ಅದನ್ನು ಓಣಿಮನೆಯ ಪಡಸಾಲೆಯಲ್ಲಿರುವ ಓದುಗಲ್ಲಿನ ಮೇಲೆ ಹಾಸಬೇಕು. ಯಾರೂ ತೊಡದ ಖಣವಾದರೆ ಕಲ್ಲು ಕಪ್ಪಗೇ ಇರುತ್ತದೆ. ತೊಟ್ಟು ಎಲ್ಲ ಸರಿಯಿದ್ದರೆ ಹಾಲಿನ ಬಣ್ಣ. ಅನುಮಾನವಿದ್ದರೆ ಅರಿಶಿಣ. ಅರಿಶಿಣವೆಂದರೆ ರೋಗವೆಂದಲ್ಲ, 'ತೋರಿಸಿಕೋ' ಎಂದಷ್ಟೇ; ಬಳಿಕ ಸೂಜಿ ಹಾಕಿ ನೋಡಿದರೇ ನಿಜ ತಿಳಿಯುವುದು, ಬಹಳಷ್ಟು ಸಲ ಏನೂ ಇರುವುದಿಲ್ಲ. ಖಣದಲ್ಲಿ ತೊಟ್ಟವಳ ಹೆಸರು ಬರುವಂತೆ ನೇಯಬಹುದಿತ್ತು. ಹೆಂಗಸರು ಬೇಡವೇ ಬೇಡ ಎಂದರು, ನಾನು ಒಪ್ಪಿಕೊಂಡೆ.

ಹಿಂದಿನ ಓಣಿಯವ್ವ ಈ ಖಣಗಳನ್ನು ಮದ್ದಿನ ಪೊಟ್ಟಣದಂತೆ ಹಂಚಲು ಹೋಗಿ ಸೋತಿದ್ದಳು. ಕರೆದರೂ ಯಾರೂ ಬರಲಿಲ್ಲ. ನಾನು ಬಂದವಳೇ ಒಂದು ಉಪಾಯ ಹೂಡಿದೆ. ಓಣಿಮನೆಯ ಮುಂದೆ ರಂಗೋಲಿ ಹಾಕಿಸಿ, ಮೂವತ್ತು ದಾಟಿದವರನ್ನೆಲ್ಲ ಅರಿಶಿಣ-ಕುಂಕುಮಕ್ಕೆಂದು ಕರೆದೆ. ಅಕ್ಕಿ ಕೊಬ್ಬರಿಯ ಜೊತೆ ಅರಿವಿನ ಖಣ ಹಾಕಿ ಎಲ್ಲರ ಉಡಿ ತುಂಬಿದೆ. ಗಂಡ ತೀರಿದವರನ್ನೂ ಬಿಡಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ ಬಂತು. ಓಣಿಗೆ ಓಣಿಯೇ ಬಂದಿತ್ತು. 'ಹೊಲಿಸಿ, ತೊಟ್ಟು, ತಂದು ಕಲ್ಲಿಗೆ ಕೊಡ್ರಿ' ಎಂದು ಕೂಗಿ ಕೂಗಿ ಹೇಳಿದೆ. ಮೇಲಿನವರು ನನಗೆ ಶಾಲು ಹೊದಿಸಿದರು, ಬೇರೆ ಊರಿನ ಓಣಿಯವ್ವಂದಿರು ನೋಡಿ ಕಲಿಯಲು ಬಂದರು. ನಾನು ನೆರಳುಬಂಡಿಯ ಕೆಳಗೂ ಶಾಲು ಹೊದ್ದು ನಡೆದೆ. ಬಿಸಿಲುಗಾಲದಲ್ಲಿ ಶಾಲು!

ಕಲ್ಲು ಮಾತ್ರ ಕಾಯುತ್ತ ಕೂತಿತ್ತು. ಬೆರಳೆಣಿಕೆಯಷ್ಟು ಖಣ ಬಂದವು, ಮಿಕ್ಕವು ಬರಲಿಲ್ಲ. ಮನೆಮನೆಗೆ ಹೋಗಿ ಕೇಳಿದರೆ 'ಹೊಲ್ಯಾಕ ಕೊಟ್ಟೇನಬೇ' ಎನ್ನುವರು. ಸಿಂಪಿಗ ಮಾನಪ್ಪನನ್ನು ಕೇಳಿದರೆ ಅವನು ಕತ್ತರಿ ತೋರಿಸಿ ನಕ್ಕ. 'ನಿಂಬೆವ್ವಾ, ಉಡಿಗೆ ಬಂದ ಖಣ ಯಾವ ಕಾಲಕ್ಕ ಹೊಲಿಗಿಗೆ ಬಂದೈತಿ? ಅದು ಊರು ತಿರಗೂ ಸಾಮಾನು' ಎಂದ. ಆಗ ನನ್ನ ತಲೆಗೆ ಹೊಡೆದಂತಾಯಿತು. ಅವ್ವಂದಿರಾ, ನಿಮಗೆ ಇದನ್ನು ಬಿಡಿಸಿ ಹೇಳಬೇಕೇ? ನಿಮ್ಮ ಟ್ರಂಕಿನ ತಳದಲ್ಲಿಯೂ ಅಂಥವು ಇವೆ. ಈ ಮದುವೆಯಲ್ಲಿ ಬಂದದ್ದನ್ನು ಆ ಸೀಮಂತಕ್ಕೆ ಕೊಡುತ್ತೀರಿ, ಅಲ್ಲಿಂದ ಅದು ಇನ್ನೊಂದು ತೊಟ್ಟಿಲಿಗೆ ಹೋಗುತ್ತದೆ, ಯಾರ ಮೈಗೂ ತಾಗದೆ ಎಲ್ಲರ ಉಡಿಗೂ ಬಂದು ಹೋಗುತ್ತದೆ. ನನ್ನ ಖಣಗಳೂ ಹಾಗೇ ಊರು ಸುತ್ತುತ್ತಿದ್ದವು. ಸಿಟ್ಟಿನಿಂದ ಮನೆಗೆ ಬಂದು ನನ್ನ ಟ್ರಂಕು ತೆಗೆದರೆ, ನನ್ನದೂ ಅಲ್ಲಿ ಮಡಿಕೆ ಬಿಚ್ಚದೆ ಮಲಗಿತ್ತು. ಮುಚ್ಚಳ ಹಾಕಿ ಸುಮ್ಮನಾದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಈಗ ನನ್ನ ನೆಗೆಣ್ಣಿಯ ಮಾತು. ಸಂಕವ್ವ ನನ್ನ ಭಾವನ ಹೆಂಡತಿ, ನನಗಿಂತ ಒಂಬತ್ತು ವರ್ಷ ದೊಡ್ಡವಳು, ಒಂದೇ ಒಲೆಯ ಮುಂದೆ ನಾವಿಬ್ಬರೂ ಮುದುಕಿಯರಾಗುತ್ತಿದ್ದೇವೆ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ನಾನು ಎಷ್ಟು ಮಾತಾಡುತ್ತೇನೋ ಅವಳು ಅಷ್ಟೇ ಸುಮ್ಮನಿರುತ್ತಾಳೆ. ಉಪ್ಪು ಕಮ್ಮಿಯಾದರೂ ಹೇಳಳು, ಉಪ್ಪಿನ ಗಡಿಗೆಯನ್ನು ನನ್ನ ಕಡೆ ಸರಿಸುತ್ತಾಳೆ. ಕಳೆದ ಸೀಗೆ ಹುಣ್ಣಿಮೆಯ ದಿನ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೋಗುವ ಮುಂಚೆ ಅವಳು ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಒಂದೇ ಮನೆಯವರು ನಾವು, ಹಾಗೆಲ್ಲ ತುಂಬುವ ರೂಢಿಯಿಲ್ಲ. 'ಇದೇನಕ್ಕಾ ಹೊಸಾದು' ಎಂದು ನಕ್ಕೆ. ಅವಳು ನಗಲಿಲ್ಲ. ಖಣವನ್ನು ನನ್ನ ಸೆರಗಿಗೆ ಹಾಕಿ, ಅದರ ಮೇಲೆ ಒಂದು ಗಳಿಗೆ ಕೈಯಿಟ್ಟು, 'ನೋಡವಾ' ಎಂದಳು. ಅಷ್ಟೇ. ನಾನು 'ನೋಡಿದ್ನಿ, ಛಲೋ ಐತಿ' ಎಂದೆ. ನೋಡಿರಲಿಲ್ಲ.

ಹೊಸ ಖಣಕ್ಕೆ ಗಂಜಿಯ ಬಿರುಸು ಇರುತ್ತದೆ. ಅದು ಮೆತ್ತಗಿತ್ತು, ಅಂಟುವಾಳದ ವಾಸನೆ ಹೊಡೆಯುತ್ತಿತ್ತು. ಕೈಗೆ ಗೊತ್ತಾಯಿತು, ತಲೆಗೆ ಹೋಗಲಿಲ್ಲ. ಹೋದದ್ದು ಬೇರೆ ಮಾತು: ಒಗೆದ ಖಣ ಉಡಿಗೆ ಹಾಕುತ್ತಾಳಲ್ಲ, ಎಂಥ ಜಿಪುಣಿ! ಇದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡರೂ ಆಗುತ್ತಿತ್ತು. ಎದುರುಮನೆಯ ತೋಟವ್ವನಿಗೆ ಹೇಳಿ ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕೆವು. ಅದೇ ವಾರ ತೋಟವ್ವನ ಬಸುರಿ ಸೊಸೆಯ ಕುಪ್ಪಸಕಾರ್ಯಕ್ಕೆ ಹೋಗುವಾಗ ಕೈಗೆ ಸಿಕ್ಕಿದ್ದು ಆ ಖಣವೇ. ಚೆನ್ನಾಗಿ ಮಡಚಿ ಕೊಟ್ಟು ಬಂದೆ. ಈ ಸಾಲು ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತಿದೆ, ಆದರೂ ಬರೆದಿದ್ದೇನೆ.

ಆಮೇಲೆ ದೀಪಾವಳಿ ಬಂತು, ಸಂಕ್ರಾಂತಿ ಬಂತು, ಯುಗಾದಿ ಬಂತು. ಅಕ್ಕ ಒಂದೊಂದು ದಿನ ರೊಟ್ಟಿ ಬಡಿಯುತ್ತ ನಿಲ್ಲಿಸಿ ನನ್ನ ಮುಖ ನೋಡುವಳು. 'ಏನಕ್ಕಾ' ಎಂದರೆ 'ಏನಿಲ್ಲವಾ' ಎನ್ನುವಳು. ನಾನು ನನ್ನ ಭಾಷಣ ಮುಂದುವರಿಸುವೆ. ಓಣಿಯ ಹೆಂಗಸರಿಗೆ ಬುದ್ಧಿ ಇಲ್ಲ, ಕೊಟ್ಟ ಖಣ ತೊಡುವುದಿಲ್ಲ, ಇವರಿಗೆ ಎಷ್ಟು ಹೇಳಿದರೂ ಅಷ್ಟೇ ಎಂದು ಒಲೆಯ ಮುಂದೆ ಕೂತು ಅವಳಿಗೇ ಹೇಳುವೆ. ಅವಳು ಕೇಳಿಸಿಕೊಂಡು ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕುವಳು.

ವೈಶಾಖದಲ್ಲಿ ತೋಟವ್ವನ ಮೊಮ್ಮಗಳ ತೊಟ್ಟಿಲು. ಬಂದವರ ಹರಿವಾಣಗಳಲ್ಲಿ ನನ್ನ ಅರಿವಿನ ಖಣಗಳೇ ಸಾಲುಸಾಲಾಗಿ ಕೂತಿದ್ದವು. ನನಗೆ ತಡೆಯಲಾಗಲಿಲ್ಲ. ಒಂದನ್ನು ಎತ್ತಿಕೊಂಡು, 'ಬರ್ರಿ ನನ್ನ ಹಿಂದ, ಈ ಖಣಕ್ಕ ಯಾರ ಮೈನೂ ತಾಗಿಲ್ಲಂತ ತೋರಸ್ತೇನಿ' ಎಂದು ಕೂಗಿ, ಹಾಡು ಹೇಳುತ್ತಿದ್ದ ಹೆಂಗಸರನ್ನೆಲ್ಲ ನೆರಳುಬಂಡಿಯ ಕೆಳಗೆ ಎಳೆದುಕೊಂಡು ಓಣಿಮನೆಗೆ ಬಂದೆ. ಪಡಸಾಲೆಯ ಕಲ್ಲಿನ ಮೇಲೆ ಖಣ ಹಾಸಿ, ಸೊಂಟದ ಮೇಲೆ ಕೈಯಿಟ್ಟು ನಿಂತೆ. ಕಲ್ಲು ಕಪ್ಪಗೆ ಇರಬೇಕಿತ್ತು. ಅಂಚಿನಿಂದ ನಿಧಾನಕ್ಕೆ ಹಬ್ಬಿ, ಪೂರ್ತಿ ಅರಿಶಿಣವಾಯಿತು. ಯಾರೋ ಒಬ್ಬಳು ಇದನ್ನು ತೊಟ್ಟಿದ್ದಳು. ಯಾರು?

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಳಂತೆ, ಹಾಗಾಯಿತು ನನ್ನ ಗತಿ. ಆ ಖಣ ಹಿಡಿದುಕೊಂಡು ಮನೆಮನೆ ಹತ್ತಿ ಇಳಿದೆ. ಇಂಥವಳು ಕೊಟ್ಟಳು, ಅವಳಿಗೆ ಅಂಥವಳು ಕೊಟ್ಟಳು ಎಂದು ಒಬ್ಬೊಬ್ಬರೂ ಹಿಂದಿನವರತ್ತ ಬೆರಳು ತೋರಿಸಿದರು. 'ತೊಟ್ಟವರು ನಾವಲ್ಲವ್ವಾ' ಎಂದು ಕೆಲವರು ಆಣೆ ಮಾಡಿದರು, ಏನೋ ಕದ್ದವರಂತೆ. ಬೆರಳುಗಳೆಲ್ಲ ಸುತ್ತಿ ಸುತ್ತಿ ತೋಟವ್ವನ ಹತ್ತಿರ ಬಂದವು. ಅವಳು ನನ್ನ ಮುಖ ನೋಡಿ, 'ನೀನ ಕೊಟ್ಟಿದ್ಯಲ್ಲಬೇ ನಿಂಬಿ. ಒಗದ ಖಣ ಅಂತ ನಕ್ಕಿದ್ವಿ' ಎಂದಳು. ನೆರಳುಬಂಡಿಗೂ ಕಾಯದೆ ಬಿಸಿಲಲ್ಲಿಯೇ ಮನೆಗೆ ಓಡಿದೆ.

ಅಕ್ಕ ಒಲೆಯ ಮುಂದೆ ಇದ್ದಳು. ಖಣವನ್ನು ಅವಳ ಮುಂದೆ ಹಿಡಿದೆ. ಅವಳು ಹಿಟ್ಟಿನ ಕೈ ಒರೆಸಿಕೊಂಡು ಹೇಳಿದಳು: 'ಸಿಂಪಿಗನ ಮುಂದ ಅಳತಿ ಕೊಡಾಕ ನಾಚಿಕಿ ಬಂತು, ಹಂಗ ಸೀರಿ ಒಳಗ ಸುತಗೊಂಡಿದ್ನಿ. ಪಡಸಾಲಿ ಒಳಗ ಎಲ್ಲಾರ ಮುಂದ ಕಲ್ಲಿನ ಮ್ಯಾಲೆ ಹಾಸಾಕ ಧೈರ್ಯ ಆಗಲಿಲ್ಲ. ಅದಕ್ಕ ನಿನ್ನ ಉಡ್ಯಾಗ ಹಾಕಿದ್ನೆಲ್ಲ ತಂಗಿ. ನೀ ಕಲ್ಲಿಗೆ ತೋರಸ್ತಿ ಅಂತ.' ಯಾಕೆ ಆಮೇಲೆ ಒಂದು ಮಾತು ಕೇಳಲಿಲ್ಲ ಎಂದು ನಾನು ಅತ್ತೆ. 'ನೀ ಏನೂ ಅನ್ಲಿಲ್ಲ. ಏನರ ಇದ್ದಿದ್ರ ನನ್ನ ತಂಗಿ ಹೇಳದ ಇರತಿದ್ಲೇನು? ಕಲ್ಲು ಛಲೋ ಅಂದಿರಬೇಕು ಅಂತ ತಿಳಕೊಂಡೆ. ಗಂಟು ನೋಯತಿರಲಿಲ್ಲ ನೋಡು, ನೋಯದ್ದು ಏನ್ ಮಾಡೀತು ಅಂತ ಸುಮ್ನಿದ್ನಿ' ಎಂದಳು. ನೋಯದ ಗಂಟನ್ನೇ ಮೊದಲು ತೋರಿಸಬೇಕೆಂದು ನಾನು ಊರಿಗೆಲ್ಲ ಹೇಳಿದ್ದೇನೆ. ಮನೆಯಲ್ಲಿ ಹೇಳಿರಲಿಲ್ಲ. ಊರಿಗುಪಕಾರಿ, ಮನೆಗೆ ಮಾರಿ.

ಮರುದಿನವೇ ಸೂಜಿ ಹಾಕಿ ನೋಡಿದೆವು. ಅದೇ ರೋಗ. ಕಂಕುಳಿಗೂ ಇಳಿದಿದೆ. ಸೀಗೆ ಹುಣ್ಣಿಮೆಗೆ ಸಿಕ್ಕಿದ್ದರೆ ಓಣಿಮನೆಯ ಚುಚ್ಚುಮದ್ದಿಗೇ ಮುಗಿಯುತ್ತಿತ್ತೇನೋ ಎಂದು ವೈದ್ಯರು ಹೇಳಿದರು. ಈಗ ಗುಡ್ಡದ ಮೇಲಿನ ದೊಡ್ಡಾಸ್ಪತ್ರೆಗೇ ಹೋಗಬೇಕು, ಅಲ್ಲಿಯೂ ಮಾತು ಕೊಡುವಂತಿಲ್ಲ ಎಂದರು. ಅಷ್ಟರಲ್ಲಿ ಬೇಗೆಮಾಸ ಹಿಡಿಯಿತು, ಬಿಸಿಲಿಗೆ ಗುಡ್ಡದ ದಾರಿ ಮುಚ್ಚಿತು. ಈ ನಲವತ್ತು ದಿನ ಇಲ್ಲಿ ಕೊಡಬಹುದಾದ ಮದ್ದು ಕೊಡುತ್ತ, ಅವಳ ಕೂದಲು ಉದುರುವುದನ್ನು ನೋಡುತ್ತ, ಆಕಾಶ ನೋಡುತ್ತ ಕಳೆದಿದ್ದೇನೆ. ಅವಳು ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಂದಿಷ್ಟು ಹಗುರಾಗುತ್ತಿದ್ದೆ. ಶಾಲನ್ನು ವಾಪಸು ಕಳಿಸಿದ್ದೇನೆ. ಓದುಗಲ್ಲನ್ನು ಪಡಸಾಲೆಯಿಂದ ಒಳಕೋಣೆಗೆ ಸಾಗಿಸಿ ಬಾಗಿಲಿಗೆ ಚಿಲಕ ಹಾಕಿಸಿದ್ದೇನೆ. ಈಗ ಖಣ ಕೊಟ್ಟು ಸುಮ್ಮನಾಗುವುದಿಲ್ಲ. ಎದುರು ಕೂತು, ಆ ಜಾಗದ ಹೆಸರು ಹೇಳಿ, ಗಂಟಿದೆಯೇ ಎಂದು ಕೇಳುತ್ತೇನೆ. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು, ಈಗ ರೂಢಿಯಾಗಿದೆ.

ಇಂದು ಮಧ್ಯಾಹ್ನ ಪಡುವಣದಲ್ಲಿ ಅಂಗೈಯಗಲ ಮೋಡ ಕಂಡಿತು. ನಾಳೆ ಬೆಳಿಗ್ಗೆ ಗುಡ್ಡದ ಬಂಡಿ ಹೊರಡುತ್ತದೆ. ಊರಿಗೆ ಹೋಗುವವಳ ಉಡಿ ತುಂಬಬೇಕಲ್ಲ, ಅಕ್ಕಿ ಕೊಬ್ಬರಿ ಇಟ್ಟುಕೊಂಡು ಕೂತೆ. ಖಣ ಮುಟ್ಟಲು ನನ್ನ ಕೈ ಬರಲಿಲ್ಲ. ಅವಳೇ ನಕ್ಕು, 'ಖಣ ಇಲ್ಲದ ಉಡಿ ಏನ ಉಡಿಬೇ' ಎಂದು ಒಂದನ್ನು ಎತ್ತಿ ತಾನೇ ಸೆರಗಿಗೆ ಹಾಕಿಕೊಂಡಳು. ಆಮೇಲೆ ನನ್ನನ್ನು ಮಣೆಯ ಮೇಲೆ ಕೂರಿಸಿದಳು. ನನ್ನ ಸೆರಗಿಗೆ ಬಿದ್ದದ್ದು ಖಣವಲ್ಲ, ಹೊಲಿದ ಕುಬಸ. ನನ್ನ ಟ್ರಂಕಿನಲ್ಲಿ ಮಡಿಕೆ ಬಿಚ್ಚದೆ ಮಲಗಿದ್ದ ನನ್ನದೇ ಅರಿವಿನ ಖಣ. ಬಲಗೈ ಮೇಲೆತ್ತಲಾಗದವಳು ಯಾವಾಗ ಕೂತು ಹೊಲಿದಳೋ, ಹೊಲಿಗೆಗಳು ಸೊಟ್ಟಪಟ್ಟ ಇವೆ. 'ಇದನ್ನ ಮುಂದ ಯಾರಿಗೂ ಕೊಡಬ್ಯಾಡ ತಂಗಿ. ತೊಡು' ಎಂದಳು.

ಅವ್ವಂದಿರಾ, ನನ್ನ ಬೇಡಿಕೆ ಇಷ್ಟೇ. ನಿಮ್ಮ ಹತ್ತಿರ ಅರಿವಿನ ಖಣವಿಲ್ಲ, ಓದುಗಲ್ಲಿಲ್ಲ. ಆದರೆ ಕೈಯಿಂದ ಮುಟ್ಟಿ ನೋಡುವ ನರ್ಸಮ್ಮ ಇದ್ದಾಳೆ, ಒಂದು ಪರದೆಯ ಮರೆಯಿದೆ, ಅಲ್ಲಿಂದ ಮುಂದೆ ಕಳಿಸುವ ದಾರಿಯಿದೆ. ನೋಯದಿದ್ದರೂ ಹೋಗಿ ತೋರಿಸಿ. ತೋರಿಸಿದ ಮೇಲೆ ಯಾರೂ ಏನೂ ಹೇಳದಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಬಾಗಿಲಿಗೆ ಹೋಗಿ ಏನಾಯಿತೆಂದು ಕೇಳಿ. ನೀವೇ ಆ ಬಾಗಿಲಲ್ಲಿ ಕೂತವರಾದರೆ, ಚೆನ್ನಾಗಿದ್ದರೂ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿ. ಮತ್ತೆ ಯಾವತ್ತೂ ಮಾತಾಡದ ಹೆಂಗಸೊಬ್ಬಳು ನಿಮ್ಮ ಉಡಿಗೆ ಏನಾದರೂ ಹಾಕಿ 'ನೋಡವಾ' ಎಂದರೆ, ದೇವರಾಣೆಗೂ, ಬಿಚ್ಚಿ ನೋಡಿ.

ಈ ಸೊಟ್ಟ ಕುಬಸವನ್ನು ತೊಟ್ಟುಕೊಂಡೇ ನಿಮಗೆ ಬರೆಯುತ್ತಿದ್ದೇನೆ. ತೋಳು ಬಿಗಿಯಾಗಿದೆ, ಬೆನ್ನಿಗೆ ದಾರದ ಗಂಟು ಚುಚ್ಚುತ್ತಿದೆ, ತೆಗೆಯುವುದಿಲ್ಲ. ನನಗೂ ಹೆದರಿಕೆಯಿದೆ. ಮೂರು ದಿನ ಕಳೆದ ಮೇಲೆ ಗುಡ್ಡದ ಮೇಲೆ ಅಕ್ಕನ ಮಂಚದ ಪಕ್ಕ ನಾನಿರುತ್ತೇನೆ, ಅಲ್ಲಿಯೂ ಒಂದು ಕಲ್ಲಿದೆಯಂತೆ. ಅದು ಹಾಲಾಗಲಿ, ಅರಿಶಿಣವಾಗಲಿ, ಮೊದಲು ಅವಳಿಗೇ ಹೇಳುತ್ತೇನೆ. ಅವಳು ಕೇಳುವ ತನಕ ಕಾಯುವುದಿಲ್ಲ.

ಇಂತಿ,
ಮುಳ್ಳೂರಿನ ಸಂಕವ್ವನ ನೆಗೆಣ್ಣಿ, ನಿಂಬೆವ್ವ